ಮೂರನೇ ಪ್ಯಾಕೆಟ್

ನನ್ನ ಮಗಳು ಕೆಮಿಸ್ಟ್ ಆಗದೆ ಹೋದದ್ದಕ್ಕೆ ಕಾರಣ ನಾನು. ಅದಿರಿನ ಹಡಗು ನಿಂತದ್ದು ಆಮೇಲೆ. ಅದಿರು ಕಳಿಸಬಾರದು ಎಂಬ ಆದೇಶ ಬಂದದ್ದು ಆಮೇಲೆ. ಅದಕ್ಕೂ ಎಷ್ಟೋ ತಿಂಗಳು ಮೊದಲೇ ನನ್ನ ಅಡುಗೆಮನೆಯಲ್ಲಿ ಕೂತು ನಾನು ಆ ಕೆಲಸ ಮುಗಿಸಿಬಿಟ್ಟಿದ್ದೆ. ಇಷ್ಟು ವರ್ಷ ಕೇಳಿದವರಿಗೆಲ್ಲ ಬೇರೆಯೇ ಹೇಳಿಕೊಂಡು ಬಂದೆ. ಈಗ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಮನೆಯಲ್ಲಿ ತುಳು. ಕನ್ನಡವನ್ನು ಶಾಲೆಯಲ್ಲಿ ಕಲಿತದ್ದು ಸ್ವಲ್ಪ, ಪೇಪರು ಓದಿ ಕಲಿತದ್ದು ಹೆಚ್ಚು. ತಪ್ಪಿದ್ದರೆ ಇರಲಿ.

ಮನೆ ಜೆಪ್ಪುವಿನಲ್ಲಿ. ನನ್ನ ಅಮ್ಮ ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊತ್ತವಳು. ಹೆಂಚಿನ ಮಣ್ಣು ಹೊಳೆಬದಿಯ ಗದ್ದೆಗಳಿಂದ ಬರುತ್ತಿತ್ತು. ತೆಗೆದು ತೆಗೆದು ಆ ಗದ್ದೆಗಳು ಗುಂಡಿಯಾದವು, ಗುಂಡಿಯಲ್ಲಿ ನೀರು ನಿಂತಿತು. ಕಾರ್ಖಾನೆ ಮುಚ್ಚಿತು. ಆ ಜಾಗದಲ್ಲಿ ಈಗ ಫ್ಲ್ಯಾಟುಗಳಿವೆ, ಅವುಗಳ ಮೇಲೆ ಹೆಂಚೂ ಇಲ್ಲ. ಅಮ್ಮನಿಗೆ ಕೊನೆಗೆ ಉಳಿದದ್ದು ಕುತ್ತಿಗೆ ನೋವು. ಇಷ್ಟನ್ನು ಕಣ್ಣಾರೆ ನೋಡಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಗಂಡ ಬೇಗ ಹೋದ. ಮಗ ದೊಡ್ಡವನು, ಮಗಳು ಸಣ್ಣವಳು. ನಾನು ಪಣಂಬೂರಿನ ಅದಿರಿನ ಯಾರ್ಡಿಗೆ ಕೆಲಸಕ್ಕೆ ಸೇರಿದೆ. ಜೆಪ್ಪುವಿನಿಂದ ಎರಡು ಬಸ್ಸು. ಬಳ್ಳಾರಿ ಕಡೆಯ ಅದಿರು ಲಾರಿಯಲ್ಲಿ ಶಿರಾಡಿ ಘಾಟಿ ಇಳಿದು ಬಂದರಿಗೆ ಬರುತ್ತಿತ್ತು. ಯಾರ್ಡಿನಲ್ಲಿ ಗುಡ್ಡದ ಹಾಗೆ ಸುರಿಯುತ್ತಿದ್ದರು. ಅಲ್ಲಿಂದ ಹಡಗಿಗೆ, ಹಡಗಿನಲ್ಲಿ ಚೀನಾಕ್ಕೆ. ಆ ಧೂಳು ಎಂಥದ್ದೆಂದರೆ, ಮನೆಗೆ ಬಂದು ಮಿಂದರೆ ಬಚ್ಚಲ ನೀರು ಕುಂಕುಮದ ಹಾಗೆ ಹೋಗುತ್ತಿತ್ತು. ಗಂಡ ಸತ್ತ ಮೇಲೂ ನನ್ನ ಬೈತಲೆ ಕೆಂಪಾಗಿಯೇ ಇತ್ತು.

ನಮ್ಮದು ಸ್ಯಾಂಪಲ್ ತೆಗೆಯುವ ಕೆಲಸ. ಹಡಗಿಗೆ ಹೋಗುವ ಮಣ್ಣಿನಲ್ಲಿ ಕಬ್ಬಿಣ ಎಷ್ಟು ಉಂಟು ಎಂದು ನೋಡಿ ಅದರ ಮೇಲೆ ಕ್ರಯ. ಇಡೀ ಗುಡ್ಡವನ್ನು ಪರೀಕ್ಷೆ ಮಾಡಲು ಆಗುವುದಿಲ್ಲವಲ್ಲ. ಹಾಗಾಗಿ ರಾಶಿಯ ಎಲ್ಲ ಬದಿಯಿಂದ ಒಂದೊಂದು ಸಲಿಕೆ ತಂದು ಕಬ್ಬಿಣದ ತಗಡಿನ ಮೇಲೆ ಸುರಿಯಬೇಕು. ಚೆನ್ನಾಗಿ ಕಲಸಿ ಚೂಪಾದ ರಾಶಿ ಮಾಡಬೇಕು. ಅದರ ತಲೆ ತಟ್ಟಿ ಚಪ್ಪಟೆ ಮಾಡಿ, ಎರಡು ಗೆರೆ ಎಳೆದು ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲನ್ನು ಬಿಸಾಡಿ, ಉಳಿದ ಎರಡನ್ನು ಪುನಃ ಕಲಸಿ, ಪುನಃ ರಾಶಿ, ಪುನಃ ನಾಲ್ಕು ಪಾಲು. ಹೀಗೆ ಮಾಡುತ್ತಾ ಹೋದರೆ ಒಂದು ಹಡಗಿನ ಮಣ್ಣು ಒಂದು ಬೋಗುಣಿಗೆ ಇಳಿಯುತ್ತದೆ. ಕೈ ಸರಿ ಇಲ್ಲದವಳು ಕಲಸಿದರೆ ದಪ್ಪ ಹರಳೆಲ್ಲ ಒಂದು ಬದಿಗೆ ಜಾರಿ ಲೆಕ್ಕವೇ ಸುಳ್ಳಾಗುತ್ತದೆ. ನನ್ನ ಕೈ ಸರಿ ಇತ್ತು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ, ಹೆಮ್ಮೆ ಪಡಲು ನನ್ನ ಹತ್ತಿರ ಬೇರೆ ಹೆಚ್ಚೇನೂ ಇಲ್ಲ.

ಬ್ಯಾರಿ ಮೇಸ್ತ್ರಿಯೊಬ್ಬರು ನಮ್ಮ ಮೇಲೆ ಇದ್ದರು. ಬಾಯಿ ಸುಮ್ಮನೆ ಇಡದ ಮನುಷ್ಯ.

"ಅಕ್ಕ, ಸರಿ ಕಲಸಿ. ನಿಮ್ಮ ಕೈ ನಂಬಿ ಆ ಚೀನಾದವ ಅಷ್ಟು ದೂರದಿಂದ ಹಡಗು ಕಳಿಸಿದ್ದಾನೆ ಮಾರಾಯ್ತಿ."

"ಅವನಿಗೆ ಅಷ್ಟು ನಂಬಿಕೆ ಇದ್ದರೆ ನಮಗೆ ಒಂದು ಕೊಡೆ ಕಳಿಸಲಿಕ್ಕೆ ಹೇಳಿ ಬ್ಯಾರಿ. ಬಿಸಿಲಿಗೆ ತಲೆ ಬೇಯ್ತಾ ಉಂಟು."

"ಕೊಡೆ ಎಂತಕ್ಕೆ? ನಿಮ್ಮ ಬಾಯಿಯ ಬಿಸಿಗೆ ಸೂರ್ಯನೇ ಆಚೆ ಹೋಗ್ತಾನೆ."

ಬೋಗುಣಿಯ ಮಣ್ಣು ಲ್ಯಾಬಿಗೆ ಹೋಗುತ್ತಿತ್ತು. ಯಾರ್ಡಿನ ಮೂಲೆಯಲ್ಲಿ ಶೀಟು ಹಾಕಿದ ಎರಡು ಕೋಣೆ. ಅಲ್ಲಿ ಒಬ್ಬ ವಯಸ್ಸಾದ ಕೆಮಿಸ್ಟ್. ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಮೂರು ಪ್ಯಾಕೆಟ್ ಮಾಡುತ್ತಿದ್ದರು. ಒಂದು ಮಾರುವವನಿಗೆ, ಒಂದು ಕೊಳ್ಳುವವನಿಗೆ. ಮೂರನೆಯದಕ್ಕೆ ಅರಗು ಕರಗಿಸಿ ಮುದ್ರೆ ಒತ್ತಿ ಕಪಾಟಿನಲ್ಲಿ ಇಡುವುದು. ಹಡಗು ಅಲ್ಲಿಗೆ ತಲುಪಿ, ಅವರು "ನೀವು ಹೇಳಿದಷ್ಟು ಕಬ್ಬಿಣ ಇಲ್ಲ" ಎಂದು ತಗಾದೆ ತೆಗೆದರೆ ಮಾತ್ರ ಆ ಮೂರನೇ ಪ್ಯಾಕೆಟ್ ಒಡೆಯಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ.

ಒಂದು ದಿನ ಯಾರ್ಡಿನ ಮ್ಯಾನೇಜರು ಬಂದು, ಏನೋ ಅರ್ಜೆಂಟು ಇದೆ, ಆ ಪ್ಯಾಕೆಟಿನಿಂದ ಒಂದು ಚಿಟಿಕೆ ಕೊಡಿ ಎಂದರು. ಕೆಮಿಸ್ಟ್ ಕಪಾಟಿನ ಎದುರು ಹೋಗಿ ನಿಂತರು.

"ಕೊಡ್ಲಿಕ್ಕೆ ಆಗುವುದಿಲ್ಲ ಸರ್. ಇದು ಈಗ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಮುಂದೆ ಬರುವ ಜಗಳದ್ದು."

ಮ್ಯಾನೇಜರು ಹೋದ ಮೇಲೆ ಮೇಸ್ತ್ರಿ ಹೇಳಿದರು, "ಅದು ಅತ್ತೆಯ ಕಪಾಟು ಅಕ್ಕ. ಬೀಗದ ಕೈ ಸೊಂಟದಲ್ಲಿ, ಸೊಂಟ ಕುರ್ಚಿಯಲ್ಲಿ." ಎಲ್ಲರೂ ನಕ್ಕೆವು. ನನಗೆ ಮಾತ್ರ ಆ ಕಪಾಟಿನ ವಿಷಯ ತಲೆಯಲ್ಲಿ ಉಳಿಯಿತು.

ಮಗಳು ಬಿ.ಎಸ್ಸಿ. ಮುಗಿಸಿದಳು. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಕೆಮಿಸ್ಟರು ಅವಳನ್ನು ಅದೇ ಲ್ಯಾಬಿನಲ್ಲಿ ಸಹಾಯಕಿಯಾಗಿ ಇಟ್ಟುಕೊಂಡರು. ಹೊರಗೆ ನಾನು ಮಣ್ಣು ಕಲಸುತ್ತಿದ್ದೆ, ಒಳಗೆ ನನ್ನ ಮಗಳು ಅದೇ ಮಣ್ಣನ್ನು ಆಸಿಡ್ಡಿಗೆ ಹಾಕಿ ಕಾಯಿಸುತ್ತಿದ್ದಳು. ಬಿಳಿ ಕೋಟು ಹಾಕಿಕೊಂಡು ಕಿಟಕಿಯಿಂದ ಕಾಣುತ್ತಿದ್ದಳು. ಮಧ್ಯಾಹ್ನ ಬುತ್ತಿ ತಿನ್ನಲು ಹೊರಗೆ ಬರುವಾಗ ಕೋಟು ಬಿಚ್ಚಿಟ್ಟು ಬಂದು ನನ್ನ ಹತ್ತಿರ ತಗಡಿನ ನೆರಳಿನಲ್ಲಿ ಕೂರುತ್ತಿದ್ದಳು. ಆ ಎರಡು ವರ್ಷ ನನ್ನ ಜೀವಮಾನದ ಒಳ್ಳೆಯ ಕಾಲ. ಆಗ ಗೊತ್ತಿರಲಿಲ್ಲ.

ಒಂದು ದಿನ ಕೆಮಿಸ್ಟ್ ನನ್ನನ್ನು ಕರೆದರು.

"ಅಕ್ಕ, ನಿಮ್ಮ ಮಗಳು ಒಳ್ಳೆಯ ಕೈಯವಳು. ಎಂ.ಎಸ್ಸಿ. ಮಾಡಿಸಿ. ಎರಡು ವರ್ಷ."

"ಎಂತಕ್ಕೆ ಸರ್? ಕೆಲಸ ಉಂಟಲ್ಲ ಈಗ."

"ಈ ಕೆಲಸ ಮಣ್ಣು ಇರುವವರೆಗೆ. ಮಣ್ಣು ಒಂದು ಸಲ ಹಡಗು ಹತ್ತಿದರೆ ತಿರುಗಿ ಬರುವುದಿಲ್ಲ. ಅದನ್ನೇ ಅಲ್ಲಿ ಕರಗಿಸಿ, ಮೆಷಿನ್ ಮಾಡಿ, ನಮಗೇ ಮಾರ್ತಾರೆ. ನಾವು ಕರಗಿಸಲಿಕ್ಕೆ ಕಲಿಯಲಿಲ್ಲ, ಕಳಿಸಲಿಕ್ಕೆ ಮಾತ್ರ ಕಲಿತೆವು. ಮಣ್ಣು ಮಾರಿದ ದುಡ್ಡು ತಲೆಗೆ ಹೋಗ್ಬೇಕು ಅಕ್ಕ, ಕಲಿಯುವ ಕಡೆಗೆ. ಅವಳು ಕಲಿತರೆ ಅದಿರು ನಿಂತರೂ ಅವಳು ನಿಲ್ಲುವುದಿಲ್ಲ. ನೀರಿನ ಲ್ಯಾಬು, ಔಷಧದ ಲ್ಯಾಬು, ಎಲ್ಲಿಗೆ ಬೇಕಾದರೂ ಹೋಗ್ತಾಳೆ."

ಮಾತು ಅರ್ಥವಾಯಿತು. ದಡ್ಡಿ ಅಲ್ಲ ನಾನು. ಅದಿರಿನ ಕೂಲಿ ಆಗ ಚೆನ್ನಾಗಿತ್ತು, ಹಡಗಿನ ಹಿಂದೆ ಹಡಗು. ಕೈಯಲ್ಲಿ ಮಿಕ್ಕಾಗಲೆಲ್ಲ ಅವಳ ಓದಿಗೆಂದು ಒಂದೊಂದು ಚಿನ್ನದ ಬಳೆ ತೆಗೆದಿಟ್ಟೆ. ನಾಲ್ಕು ಆಯಿತು. ಅವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಅಕ್ಕಿ ಡಬ್ಬದ ತಳದಲ್ಲಿ ಇಡಲು ಹೋದಾಗ ಮಗಳು ತಡೆದಳು. ಲ್ಯಾಬಿನಿಂದ ಒಂದು ತುಂಡು ಅರಗು ತಂದಿದ್ದಳು. ದೀಪದಲ್ಲಿ ಕರಗಿಸಿ ಗಂಟಿನ ಮೇಲೆ ಬಿಟ್ಟಳು.

"ಒತ್ತು ಅಮ್ಮ, ಹೆಬ್ಬೆಟ್ಟು."

"ನನಗೆ ಸಹಿ ಹಾಕ್ಲಿಕ್ಕೆ ಬರ್ತದೆ."

"ಅರಗಿನ ಮೇಲೆ ಸಹಿ ಹೇಗೆ ಹಾಕ್ತೀ? ಒತ್ತು ಬೇಗ, ಆರ್ತದೆ."

ಒತ್ತಿದೆ. ಬಿಸಿ ಇತ್ತು, ಬೈದೆ. ಅವಳು ನಗುತ್ತಾ ಗಂಟಿನ ಮೇಲೆ ಒಂದು ಚೀಟಿ ಅಂಟಿಸಿದಳು. ಲ್ಯಾಬಿನಲ್ಲಿ ಬರೆಯುವ ಹಾಗೆಯೇ ಬರೆದಿದ್ದಳು: ಮೂರನೇ ಪ್ಯಾಕೆಟ್. ಒಡೆಯಬಾರದು.

ಮರುವರ್ಷ ಅವಳಿಗೆ ಗುಡ್ಡದ ಮೇಲಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಸೇರಲು ಹದಿನೈದು ದಿನ ಇತ್ತು.

ಆಗಲೇ ನನ್ನ ಮಗ ಅದಿರು ಹೊರುವ ಟಿಪ್ಪರಿನ ಮಾತು ತೆಗೆದದ್ದು. ಅವನು ಬೇರೆಯವರ ಲಾರಿ ಓಡಿಸುತ್ತಿದ್ದ. ಊರಿನಲ್ಲಿ ಆಗ ಯಾರನ್ನು ನೋಡಿದರೂ ಟಿಪ್ಪರು. ಗೂಡಂಗಡಿಯವನು ಟಿಪ್ಪರು ತೆಗೆದ, ಮೀನಿನ ವ್ಯಾಪಾರದವನು ಟಿಪ್ಪರು ತೆಗೆದ, ಗಲ್ಫಿನಿಂದ ಬಂದವನು ತೆಗೆದ. ಮನೆಗೆ ಸುಣ್ಣ ಹೊಡೆಯದವರೂ ಟಿಪ್ಪರಿಗೆ ಹೂವಿನ ಮಾಲೆ ಹಾಕಿದರು. ಸೆಕೆಂಡ್ ಹ್ಯಾಂಡ್ ಒಂದು ಬಂದಿದೆ, ಬಿಟ್ಟರೆ ಕೈ ತಪ್ಪುತ್ತದೆ ಎಂದ ಮಗ. ಅವನ ಕೈಯಲ್ಲಿ ಇದ್ದದ್ದು ಸಾಲುತ್ತಿರಲಿಲ್ಲ.

ಅಡುಗೆಮನೆಯಲ್ಲಿ ನಾನು ಮೀನು ಕೊಯ್ಯುತ್ತಾ ಇದ್ದೆ. ಅವನು ಬಾಗಿಲಲ್ಲಿ ಕೂತ.

"ಅಮ್ಮ, ಒಂದು ವರ್ಷ ಕೊಡು ಸಾಕು. ನಾಲ್ಕು ಬಳೆ ಎಂಟು ಮಾಡಿ ಕೊಡ್ತೇನೆ. ಆಮೇಲೆ ಅವಳು ಎಂ.ಎಸ್ಸಿ. ಮಾಡ್ಲಿ, ಅದರ ಮೇಲಿನದ್ದೂ ಮಾಡ್ಲಿ. ಅವಳ ಸೀಟು ಮುಂದಿನ ವರ್ಷವೂ ಸಿಗ್ತದೆ. ಈ ಗಾಡಿ ಸಿಗ್ತದಾ?"

ಅವನ ಮೇಲೆ ನನಗೆ ಕೋಪವಿಲ್ಲ. ಅವನು ಸುಳ್ಳು ಹೇಳಲಿಲ್ಲ, ಅವನು ನಂಬಿದ್ದನ್ನೇ ಹೇಳಿದ. ನಾನೂ ನಂಬಿದೆ. ಪ್ರತಿ ದಿನ ಆ ಕೆಂಪು ಗುಡ್ಡ ನೋಡಿದವಳು ನಾನು. ಒಂದು ಬದಿಯಿಂದ ಹಡಗಿಗೆ ಹೋಗುತ್ತಿತ್ತು, ಇನ್ನೊಂದು ಬದಿಯಿಂದ ಬಂದು ತುಂಬುತ್ತಿತ್ತು. ಅದು ಮುಗಿಯುತ್ತದೆ ಎಂದು ಕಣ್ಣಿಗೆ ತೋರುತ್ತಿರಲಿಲ್ಲ. ಓದು ಎಂದರೆ ಎರಡು ವರ್ಷ ಅವಳ ಸಂಬಳವೂ ಇಲ್ಲ. ಟಿಪ್ಪರು ನಾಳೆಯೇ ಓಡುತ್ತದೆ.

ಮಗಳು ಒಳಗೆ ಬಂದಳು. ನಾನು ಮೀನಿನಿಂದ ತಲೆ ಎತ್ತಲಿಲ್ಲ.

"ಮುಂದಿನ ವರ್ಷ ಹೋಗು," ಎಂದೆ. "ಅದಿರು ಎಲ್ಲಿಗೆ ಓಡಿ ಹೋಗ್ತದೆ?"

"ಅಮ್ಮ, ಅದಕ್ಕೆ ಸೀಲ್ ಹಾಕಿದ್ದೇವಲ್ಲ."

ಅಷ್ಟೇ ಹೇಳಿದಳು. ಅತ್ತಿದ್ದರೆ, ಕೂಗಾಡಿದ್ದರೆ ನಾನು ನಿಲ್ಲುತ್ತಿದ್ದೆನೋ ಏನೋ. ಅವಳು ಅಂಥವಳಲ್ಲ. ನಾನು ಕೈ ತೊಳೆದು ಅಕ್ಕಿ ಡಬ್ಬದಲ್ಲಿ ಕೈ ಹಾಕಿ ಗಂಟು ತೆಗೆದೆ. ಅರಗು ಗಟ್ಟಿಯಾಗಿತ್ತು, ಉಗುರಿಗೆ ಬರಲಿಲ್ಲ. ಮೀನಿನ ಕತ್ತಿಯಿಂದ ಎಬ್ಬಿಸಿದೆ. ಚೂರುಗಳು ಅಕ್ಕಿಯಲ್ಲಿ ಬಿದ್ದವು. ಎಷ್ಟೋ ದಿನ ಅಕ್ಕಿ ತೊಳೆಯುವಾಗ ಒಂದೊಂದು ಕೆಂಪು ಚೂರು ಕೈಗೆ ಸಿಗುತ್ತಿತ್ತು.

ಟಿಪ್ಪರು ಓಡಿತು. ಓಡಲಿಲ್ಲ ಎಂದರೆ ಸುಳ್ಳಾಗುತ್ತದೆ. ವರ್ಷ ತುಂಬುವುದಕ್ಕೆ ಮೊದಲು ಅದಿರು ಹೊರದೇಶಕ್ಕೆ ಕಳಿಸುವುದು ನಿಂತಿತು. ಲೂಟಿ ಆಗುತ್ತಾ ಇತ್ತಂತೆ, ನಿಲ್ಲಿಸಿದ್ದು ಸರಿ ಎಂದು ಪೇಪರಿನವರು ಬರೆದರು. ಸರಿಯೇ ಇರಬಹುದು. ಗೇಟಿನಿಂದ ಬಂದರಿನ ರಸ್ತೆಯವರೆಗೆ ಟಿಪ್ಪರುಗಳು ಸಾಲಾಗಿ ನಿಂತವು. ಮಳೆ ಬಂದು ಯಾರ್ಡು ತೊಳೆದು ಹೋಯಿತು, ಕೆಳಗಿದ್ದ ಸಿಮೆಂಟು ನೆಲ ಕಾಣಿಸಿತು. ಅಲ್ಲಿ ಸಿಮೆಂಟು ಉಂಟೆಂದೇ ನನಗೆ ಗೊತ್ತಿರಲಿಲ್ಲ. ಲ್ಯಾಬಿಗೆ ಬೀಗ ಬಿತ್ತು. ನಮ್ಮ ಟಿಪ್ಪರು ಮನೆಯ ಹತ್ತಿರ ನಿಂತು ನಿಂತು, ಅದರ ಹಿಂದಿನ ತೊಟ್ಟಿಯಲ್ಲಿ ಹುಲ್ಲು ಬೆಳೆದು, ಕೊನೆಗೆ ಗುಜರಿಯವನು ತುಂಡು ಮಾಡಿ ಕೊಂಡೊಯ್ದ. ಮಗ ಈಗ ಯಾರದೋ ನೀರಿನ ಟ್ಯಾಂಕರು ಓಡಿಸುತ್ತಾನೆ.

ಕೆಮಿಸ್ಟರಿಗೆ ಬೇರೆ ಊರಿನಲ್ಲಿ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಆಯಿತು. ಹೊರಡುವ ಮೊದಲು ಮನೆಗೆ ಬಂದಿದ್ದರು. "ಎಂ.ಎಸ್ಸಿ. ಓದ್ತಾ ಇದ್ದಿದ್ದರೆ ಮುಗಿದ ಕೂಡಲೇ ಇವಳನ್ನೂ ಕರೆಸಿಕೊಳ್ತಿದ್ದೆ ಅಕ್ಕ," ಎಂದರು. ಅವರು ನನ್ನನ್ನು ದೂರಲಿಲ್ಲ. ನಾನು ಕೊಟ್ಟ ಚಾ ಕುಡಿದು ಹೋದರು. ಆಮೇಲೆ ಮಗಳು ನಾಲ್ಕಾರು ಕಡೆ ಅರ್ಜಿ ಹಾಕಿದಳು. ಎಲ್ಲರೂ ಆ ಎಂ.ಎಸ್ಸಿ. ಕಾಗದವನ್ನೇ ಕೇಳಿದರು. ಮದುವೆಯಾಯಿತು, ಉರ್ವಕ್ಕೆ ಹೋದಳು. ಅಲ್ಲಿ ಮಾರ್ಕೆಟಿನ ಹತ್ತಿರ ಒಂದು ಸೂಪರ್ ಬಜಾರಿನಲ್ಲಿ ಬಿಲ್ ಹಾಕುತ್ತಾಳೆ. ಅಳಿಯ ಒಳ್ಳೆಯವನು. ನಾನು ಹೋದಾಗ ಅವಳು ಕೌಂಟರಿನಲ್ಲಿ ಜನರ ಸಾಬೂನು, ಸಕ್ಕರೆ ಎತ್ತಿ ಎತ್ತಿ ಮೆಷಿನ್ನಿಗೆ ತೋರಿಸುತ್ತಿರುತ್ತಾಳೆ. ಕೈ ಈಗಲೂ ಅಚ್ಚುಕಟ್ಟು.

ಇಷ್ಟು ವರ್ಷ ನಾವಿಬ್ಬರೂ ಆ ಗಂಟಿನ ಮಾತು ಎತ್ತಲಿಲ್ಲ.

ಮೊನ್ನೆ ಮೇಸ್ತ್ರಿ ಫೋನ್ ಮಾಡಿದರು. ಮುದುಕರಾದರೂ ಬಾಯಿ ಹಾಗೆಯೇ ಉಂಟು.

"ಅಕ್ಕ, ಇದ್ದೀರಾ, ಹೋದ್ರಾ?"

"ನಿಮ್ಮನ್ನು ಕಳಿಸಿಯೇ ಹೋಗುವುದು ಬ್ಯಾರಿ. ಎಂತ ವಿಷಯ?"

"ಕದ್ರಿಯಲ್ಲಿ ಒಂದು ಮೀಟಿಂಗ್ ಉಂಟು ಮಾರಾಯ್ತಿ. ಅದಿರು, ಗಣಿ, ಅದಕ್ಕೆಲ್ಲ ಹೊಸ ನೀತಿ ಮಾಡ್ತಾರಂತೆ. ಕೆಲಸ ಮಾಡಿದವರೂ ಬಂದು ಮಾತಾಡ್ಬೇಕಂತೆ. ನಮ್ಮಲ್ಲಿ ಮಾತಾಡುವವರು ಯಾರಿದ್ದಾರೆ, ನೀವು ಬಿಟ್ಟರೆ? ಗೋಳಿಬಜೆ, ಚಾ ಕೂಡ ಉಂಟು."

ಮಗಳು ಅರ್ಧ ದಿನ ರಜೆ ಹಾಕಿ ನನ್ನ ಜೊತೆ ಬಂದಳು. ಹಾಲ್ ತುಂಬ ಜನ. ಮುಂದೆ ಪರದೆ. ಒಬ್ಬಳು ಅಧಿಕಾರಿ ಮಾತಾಡಿದಳು, ವಯಸ್ಸು ನನ್ನ ಮಗಳಿಗಿಂತ ಕಡಿಮೆ. ನೆಲದಿಂದ ತೆಗೆದದ್ದು ಒಂದೇ ಸಲ ಬರುವ ಸಂಪತ್ತು, ಅದನ್ನು ದಿನದ ಖರ್ಚಿಗೆ ಹಾಕಬಾರದು ಎಂದಳು. ಶಾಲೆಗೆ, ಕೈಕಸುಬಿಗೆ, ಇಲ್ಲಿಯೇ ವಸ್ತು ತಯಾರು ಮಾಡುವ ಕಾರ್ಖಾನೆಗೆ ಹಾಕಬೇಕು, ಒಂದು ಪಾಲನ್ನು ಮುಂದಿನವರಿಗೆ ತೆಗೆದಿಡಬೇಕು, ಹಾಗಾದರೆ ಮಾತ್ರ ಗಣಿ ಬರಿದಾದ ಮೇಲೂ ನಾಡು ನಿಲ್ಲುತ್ತದೆ ಎಂದಳು. ನನಗೆ ಹೊಸತೇನೂ ಅನಿಸಲಿಲ್ಲ. ಇದನ್ನೇ ಕೆಮಿಸ್ಟ್ ನನಗೆ ನಿಂತ ಕಾಲಲ್ಲಿ ಹೇಳಿ ಮುಗಿಸಿದ್ದರು.

ಮೇಸ್ತ್ರಿ ನನ್ನನ್ನು ಎಬ್ಬಿಸಿದರು. ಮೈಕು ಕೈಗೆ ಬಂತು. ನಾನು ಹೆದರುವವಳಲ್ಲ. ರಾಶಿ ಮಾಡಿ ನಾಲ್ಕು ಪಾಲು ಮಾಡುವುದನ್ನು ಹೇಳಿದೆ. ಮೂರು ಪ್ಯಾಕೆಟಿನ ವಿಷಯ ಹೇಳಿದೆ. ಆಮೇಲೆ ಹೇಳಿದೆ:

"ನೀವು ಈಗ ತೆಗೆದಿಡಬೇಕು ಅಂತೀರಲ್ಲ, ಅದೇ ಮೂರನೇ ಪ್ಯಾಕೆಟ್. ಒಂದು ಶೀಟಿನ ಲ್ಯಾಬಿನಲ್ಲಿ ಒಬ್ಬ ಮುದುಕನಿಗೆ ಗೊತ್ತಿತ್ತು ಅದನ್ನು ಮುಟ್ಟಬಾರದು ಅಂತ. ದೊಡ್ಡ ದೊಡ್ಡವರಿಗೆ ಗೊತ್ತಿರಲಿಲ್ಲವಾ? ಮಾರುವವನು ತಿಂದ, ಕೊಳ್ಳುವವನು ತಿಂದ, ಸಾಲದ್ದಕ್ಕೆ ನೀವು ಮೂರನೆಯದನ್ನೂ ಒಡೆದು ತಿಂದಿರಿ. ನಮ್ಮ ಮಕ್ಕಳಿಗೆ ಎಂತ ಇಟ್ಟಿದ್ದೀರಿ, ಧೂಳಾ?"

ಹಾಲ್ ಪೂರ್ತಿ ಚಪ್ಪಾಳೆ. ಅಧಿಕಾರಿ ಎದ್ದು ನಿಂತು ಕೈ ಮುಗಿದಳು, ಪಕ್ಕದ ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿದಳು. ಯಾರೋ ಫೋಟೋ ತೆಗೆದರು. "ಅಕ್ಕ, ನೀವು ಎಲೆಕ್ಷನಿಗೆ ನಿಲ್ಲಿ ಮಾರ್ರೆ, ನಾನು ಮೈಕ್ ಹಿಡೀತೇನೆ," ಎಂದರು ಮೇಸ್ತ್ರಿ. ನಾನು ನಗುತ್ತಾ ಕೂತೆ. ಪಕ್ಕದಲ್ಲಿ ಮಗಳು ಚಪ್ಪಾಳೆ ತಟ್ಟಿರಲಿಲ್ಲ. ತೊಡೆಯ ಮೇಲಿನ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಸಂಜೆ ಹಂಪನಕಟ್ಟೆಯಲ್ಲಿ ಇಳಿದೆವು. ಅಲ್ಲಿಂದ ಅವಳಿಗೆ ಉರ್ವದ ಬಸ್ಸು, ನನಗೆ ಜೆಪ್ಪುವಿನದ್ದು. ಸ್ಟಾಪಿನಲ್ಲಿ ಅವಳು ಬಸ್ಸು ಬರುವ ಕಡೆ ನೋಡುತ್ತಾ ನಿಂತಿದ್ದಳು.

"ಚಂದ ಮಾತಾಡಿದಿ ಅಮ್ಮ."

"ಇದ್ದದ್ದು ಹೇಳಿದೆ."

"ಹೌದು." ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ಕೇಳಿದಳು, "ನಮ್ಮದರ ಬಗ್ಗೆ ಯಾಕೆ ಹೇಳ್ಲಿಲ್ಲ?"

ನಾನು ಸೊಂಟದ ಚೀಲದಿಂದ ಬಸ್ಸಿನ ಚಿಲ್ಲರೆ ತೆಗೆದು ಎಣಿಸತೊಡಗಿದೆ.

"ನಾನು ಆ ಚೀಟಿ ಬರೆಯುವಾಗ ನಿಜವಾಗಿಯೂ ಬರೆದದ್ದು ಅಮ್ಮ. ತಮಾಷೆಗಲ್ಲ."

ಬಸ್ಸು ಬಂತು. ಕಂಡಕ್ಟರು "ಬೇಗ ಬೇಗ" ಎಂದು ಬಸ್ಸಿನ ಬದಿಗೆ ಬಡಿದ. ಅವಳು ಹತ್ತಿದಳು. ಕಿಟಕಿಯ ಸೀಟು ಸಿಕ್ಕಿತು. "ಮಾತ್ರೆ ತಿನ್ನಲಿಕ್ಕೆ ಮರೀಬೇಡ," ಎಂದಳು. ಬಸ್ಸು ಹೋಯಿತು. ನಾನು ನನ್ನ ಎರಡು ಬಸ್ಸು ಬಿಟ್ಟೆ.

ಮರುದಿನ ಬೆಳಿಗ್ಗೆ ಗಂಜಿ ಕುಡಿದು ಕದ್ರಿಗೆ ಹೋದೆ. ಮೀಟಿಂಗ್ ಮಾಡಿದವರ ಕಚೇರಿ ಆಗಷ್ಟೇ ತೆರೆದಿತ್ತು. ನಿನ್ನೆಯ ಗುಮಾಸ್ತನೇ ಇದ್ದ. ಗುರುತು ಹಿಡಿದು ಕುರ್ಚಿ ಕೊಟ್ಟ.

"ಎಂತ ಅಜ್ಜಿ, ಫೋಟೋ ಬೇಕಾ?"

"ಫೋಟೋ ಬೇಡ. ನಿನ್ನೆ ನಾನು ಹೇಳಿದ್ದು ಅರ್ಧ. ಇನ್ನರ್ಧ ಬರ್ಕೊ."

ಹೇಳಿದೆ. ಬಳೆ, ಅರಗು, ಟಿಪ್ಪರು, ಮೀನಿನ ಕತ್ತಿ, ಎಲ್ಲ. ಅವನು ಪೆನ್ನು ಹಿಡಿದುಕೊಂಡು ಸುಮ್ಮನೆ ಕೇಳಿದ, ಬರೆಯಲಿಲ್ಲ.

"ಅಜ್ಜಿ, ಇದು ನಿಮ್ಮ ಮನೆ ವಿಷಯ. ನೀತಿಗೆ ಇದು ಬರುವುದಿಲ್ಲ."

"ನಾನು ದೊಡ್ಡವರನ್ನು ಬೈದದ್ದು ಬರ್ತದೆ, ನಾನು ಮಾಡಿದ್ದು ಬರುವುದಿಲ್ಲವಾ? ಹಾಗಾದರೆ ನಿನ್ನೆಯದ್ದೂ ಹೊಡೆದು ಹಾಕು. ನಾನು ಇಲ್ಲಿಯೇ ಕೂತಿರ್ತೇನೆ."

ಅವನು ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಒಂದು ಬೇರೆ ಹಾಳೆ ತೆಗೆದುಕೊಂಡು ಬರೆಯತೊಡಗಿದ. ಮಧ್ಯದಲ್ಲಿ ನಿಲ್ಲಿಸಿ ಕೇಳಿದ, "ಮಗಳ ಉದ್ಯೋಗ ಎಂತ ಅಂತ ಹಾಕಲಿ?"

ಕೆಮಿಸ್ಟ್ ಎಂದು ಬಾಯಿಯವರೆಗೆ ಬಂದಿತ್ತು.

"ಅಂಗಡಿಯಲ್ಲಿ ಬಿಲ್ ಹಾಕುವುದು ಅಂತ ಬರೆ. ಇದ್ದದ್ದು ಬರೆ."

ಬರೆದು ಮುಗಿಸಿ, ನನ್ನನ್ನು ಕೇಳದೆಯೇ ಶಾಯಿಯ ಪ್ಯಾಡನ್ನು ನನ್ನ ಕಡೆ ತಳ್ಳಿದ. ನನಗೆ ಸಹಿ ಬರುತ್ತದೆ. ಹೇಳಲಿಲ್ಲ. ಹೆಬ್ಬೆಟ್ಟು ಒತ್ತಿ ಹಾಳೆಯನ್ನು ಅವನ ಕೈಗೆ ಕೊಟ್ಟು, ಹೊರಗೆ ಬಂದು ಉರ್ವದ ಬಸ್ಸು ಹತ್ತಿದೆ.